ಕಪಾಟಿನ ಹಿಂದಿನ ಮಾಸ್ತರರು

ಸಿಂಪಿ ಲಿಂಗಣ್ಣನವರ ಪುಸ್ತಕವನ್ನು ಗ್ರಂಥಾಲಯದ ಪಟ್ಟಿಯಲ್ಲಿ ‘ಸ’ಕಾರದಲ್ಲಿ ಹುಡುಕಬೇಕೋ ‘ಲ’ಕಾರದಲ್ಲೋ? ಚಡಚಣ, ಇಂಡಿ ಕಡೆಯವರಿಗೆ ಇದು ಪ್ರಶ್ನೆಯೇ ಅಲ್ಲ. ಸಿಂಪಿ ಎಂಬುದು ಮನೆತನದ ಹೆಸರು, ಅದು ಆಗಲೇ ಮುಂದೆ ಬಂದು ಕುಳಿತಿದೆ. ಆದರೆ ಕೊನೆಯ ಹೆಸರನ್ನು ಮೊದಲಿಗೆ ತರಬೇಕೆಂಬ ಪಾಶ್ಚಾತ್ಯ ನಿಯಮವನ್ನು ಬಾಯಿಪಾಠ ಮಾಡಿದವರು ‘ಲಿಂಗಣ್ಣ, ಸಿಂಪಿ’ ಎಂದು ಬರೆದಿಟ್ಟರೆ, ಪುಸ್ತಕ ಕಪಾಟಿನಲ್ಲಿದ್ದೂ ಕಳೆದುಹೋದಂತೆಯೇ. ಫ. ಗು. ಹಳಕಟ್ಟಿಯವರ ವಿಷಯದಲ್ಲಿ ಅದೇ ನಿಯಮ ಸರಿಯಾಗುತ್ತದೆ. ಹಳಕಟ್ಟಿಯೇ ಮುಂದೆ ಬರಬೇಕು. ಹಲಸಂಗಿಯ ಮಧುರಚೆನ್ನರದು ಇನ್ನೊಂದು ತೊಡಕು. ಕಾವ್ಯನಾಮ ಅದು, ಮನೆಯಲ್ಲಿ ಅವರು ಚೆನ್ನಮಲ್ಲಪ್ಪ ಗಲಗಲಿ. ಎರಡೂ ಹೆಸರು ಒಬ್ಬರದೇ ಎಂದು ಪಟ್ಟಿಯೇ ಓದುಗನಿಗೆ ತಿಳಿಸಿಕೊಡಬೇಕು. ಹೀಗೆ ನಿಯಮ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬ ವಿವೇಕವನ್ನು ಕಲಿಸುವುದೇ ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನದ ಅಧ್ಯಾಪಕರ ವೃತ್ತಿ. ಈ ವೃತ್ತಿಗೆ ಕಾಗದದ ಮೇಲೆ ಒಳ್ಳೆಯ ಸಂಬಳವಿದೆ, ಕೆಲಸದ ಗಂಟೆಗಳೂ ಸ್ಪಷ್ಟವಾಗಿವೆ. ಆದರೆ ಆ ಗಂಟೆಗಳನ್ನು ಎಣಿಸುವ ರೀತಿಯೇ ತಪ್ಪಾಗಿದೆ ಎಂಬುದು ನನ್ನ ವಾದ. ಈ ಅಧ್ಯಾಪಕರ ಪಾಠದ ಫಲ ಕಾಣುವುದು ತರಗತಿಯಲ್ಲಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಾಲೇಜು ಮತ್ತು ಸಾರ್ವಜನಿಕ ಗ್ರಂಥಾಲಯಗಳಲ್ಲಿ. ಅಲ್ಲಿಗೆ ಹೋಗಿ ದುಡಿಯುವುದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಹೇಳಿಕೊಳ್ಳುವಂಥ ಮನೆತನವಿದೆ. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಕೆಲಸ ಬೇಸರವೆನಿಸಿ ಕೆಲವೇ ದಿನಗಳಲ್ಲಿ ಹಳೆಯ ನೌಕರಿಗೆ ಮರಳಲು ಕೇಳಿಕೊಂಡಿದ್ದರಂತೆ. ಲಂಡನ್ನಿಗೆ ಹೋಗಿ ಕಲಿತು ಬಂದ ಮೇಲೆ ಆ ಮಾತೆತ್ತಲಿಲ್ಲ. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದ ಅವರು ಕೊನೆಗೆ ನೆಲೆಸಿದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1965ರಲ್ಲಿ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಬಂತು. ಧಾರವಾಡ, ಮೈಸೂರು ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳು ಬೆಳೆದವು. ವಿಜಯಪುರ ಜಿಲ್ಲೆಯ ಈ ಊರುಗಳಿಗೆ ಹತ್ತಿರದ ವಿಭಾಗವೆಂದರೆ ತೊರವಿಯ ಜ್ಞಾನಶಕ್ತಿ ಆವರಣದಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ್ದು. 2003ರಲ್ಲಿ ಮಹಿಳೆಯರಿಗೆಂದೇ ಹುಟ್ಟಿದ ಸಂಸ್ಥೆ ಅದು.

ಇಂಥ ವಿಭಾಗದ ಅಧ್ಯಾಪಕರ ಕೆಲಸವೇನು? ಪುಸ್ತಕ ಜೋಡಿಸುವುದನ್ನು ಕಲಿಸುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ವಾಸ್ತವದಲ್ಲಿ ಪಾಠದ ದೊಡ್ಡ ಪಾಲು ಪ್ರಾಯೋಗಿಕ. ವಿದ್ಯಾರ್ಥಿನಿಯ ಮುಂದೆ ಒಂದು ಪುಸ್ತಕವಿಟ್ಟು ಅದಕ್ಕೆ ಡ್ಯೂಯಿ ದಶಮಾಂಶ ಪದ್ಧತಿಯಲ್ಲೂ ಕೋಲನ್ ಪದ್ಧತಿಯಲ್ಲೂ ಸಂಖ್ಯೆ ಕೊಡಿಸಬೇಕು, ಸೂಚೀಪತ್ರ ಬರೆಸಬೇಕು, ಅದೇ ಮಾಹಿತಿಯನ್ನು ಮಾರ್ಕ್ ಮಾದರಿಯಲ್ಲಿ ಕಂಪ್ಯೂಟರಿಗೆ ಏರಿಸಬೇಕು, ಕೋಹಾ, ಡಿಸ್ಪೇಸ್‌ನಂಥ ತಂತ್ರಾಂಶಗಳನ್ನು ಬಿಚ್ಚಿ ಕಟ್ಟಬೇಕು. ಇದರ ಜೊತೆಗೆ ಸಂಶೋಧನಾ ವಿಧಾನ, ಗ್ರಂಥಮಿತಿ, ಪಿಎಚ್.ಡಿ. ಮಾರ್ಗದರ್ಶನ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ನ್ಯಾಕ್ ಕಡತ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ನೇರ ಬೋಧನೆ. ಒಟ್ಟು ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆಯಿಲ್ಲ. ಸಹಾಯಕ ಪ್ರಾಧ್ಯಾಪಕರು ಏಕಕಾಲಕ್ಕೆ 4, ಸಹ ಪ್ರಾಧ್ಯಾಪಕರು 6, ಪ್ರಾಧ್ಯಾಪಕರು 8 ಪಿಎಚ್.ಡಿ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು. ಇತಿಹಾಸ, ಸಮಾಜಶಾಸ್ತ್ರದ ಅಧ್ಯಾಪಕರಿಗೂ ಇದೇ ಲೆಕ್ಕ, ಒಂದಂಕಿ ವ್ಯತ್ಯಾಸವಿಲ್ಲ.

ಸಂಬಳದಲ್ಲೂ ವ್ಯತ್ಯಾಸವಿಲ್ಲ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ (ಮೀಸಲು ವರ್ಗದವರಿಗೆ ಶೇ. 5ರ ಸಡಿಲಿಕೆ), ಜೊತೆಗೆ ನೆಟ್ ಅಥವಾ ಕೆಸೆಟ್ ಇಲ್ಲವೇ ಪಿಎಚ್.ಡಿ. ಇದ್ದು ಆಯ್ಕೆಯಾದವರಿಗೆ ಏಳನೇ ವೇತನ ಶ್ರೇಣಿಯಲ್ಲಿ ಆರಂಭದ ಮೂಲ ವೇತನ 57,700 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ಸಹ ಪ್ರಾಧ್ಯಾಪಕರಿಗೆ 1,31,400, ಪ್ರಾಧ್ಯಾಪಕರಿಗೆ 1,44,200ರಿಂದ ಆರಂಭ. ಇನ್ನೂ ಕುತೂಹಲದ ಸಂಗತಿಯೆಂದರೆ ಯುಜಿಸಿ ಶ್ರೇಣಿಯ ಕಾಲೇಜು ಗ್ರಂಥಪಾಲರಿಗೂ ಆರಂಭ ಅದೇ 57,700. ಇದಕ್ಕೂ ರಂಗನಾಥನ್ನರ ಋಣವಿದೆ. ಯುಜಿಸಿ 1957ರಲ್ಲಿ ನೇಮಿಸಿದ ಗ್ರಂಥಾಲಯ ಸಮಿತಿಯ ಅಧ್ಯಕ್ಷರಾಗಿ ಗ್ರಂಥಾಲಯ ಸಿಬ್ಬಂದಿಗೆ ಬೋಧಕರಿಗೆ ಸಮನಾದ ಸ್ಥಾನಮಾನ, ವೇತನ ಇರಬೇಕೆಂದು ಪಟ್ಟುಹಿಡಿದವರು ಅವರು. ಆದರೆ ಈ ಅಂಕಿಗಳು ಕಾಯಂ ಹುದ್ದೆಯವರದು. ಅತಿಥಿ ಉಪನ್ಯಾಸಕರ ಲೋಕವೇ ಬೇರೆ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯಲ್ಲಿ ಗೌರವಧನ ಏರಿಸಿದಾಗಲೂ ಯುಜಿಸಿ ಅರ್ಹತೆ ಮತ್ತು ಐದು ವರ್ಷಕ್ಕೂ ಹೆಚ್ಚಿನ ಸೇವೆ ಇದ್ದವರಿಗೆ ಸಿಕ್ಕಿದ್ದು ತಿಂಗಳಿಗೆ 32,000 ರೂಪಾಯಿ. ಅದೇ ಅರ್ಹತೆ, ಹೆಚ್ಚುಕಡಿಮೆ ಅರ್ಧ ಹಣ; ರಜೆ, ನಿವೃತ್ತಿ ವೇತನದ ಮಾತು ಬಿಡಿ.

ಹಾಗಾದರೆ ಕಾಯಂ ಹುದ್ದೆ ತುಂಬಿದರೆ ಎಲ್ಲ ಸರಿಹೋಗುವುದೇ? ತುಂಬಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗ್ರಂಥಾಲಯ ವಿಜ್ಞಾನವನ್ನು ಇತಿಹಾಸದ ಗಜಕಡ್ಡಿಯಿಂದ ಅಳೆಯುವುದು ಅದರಿಂದ ನಿಲ್ಲುವುದಿಲ್ಲ. ಇತಿಹಾಸದ ಪಾಠಕ್ಕೆ ತರಗತಿ ಸಾಕಾಗಬಹುದು. ಈ ಪಾಠಕ್ಕೆ ನಿಜವಾದ ಪ್ರಯೋಗಶಾಲೆ ಎಂದರೆ ಓದುಗರಿರುವ, ಧೂಳಿರುವ, ಪಟ್ಟಿ ಅರ್ಧಕ್ಕೆ ನಿಂತಿರುವ ಗ್ರಂಥಾಲಯ. ವೈದ್ಯಕೀಯ ಅಧ್ಯಾಪಕರು ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ಕಲಿಸುವುದನ್ನು ಬೋಧನೆ ಎಂದೇ ಎಣಿಸುತ್ತೇವೆ. ಗ್ರಂಥಾಲಯ ವಿಜ್ಞಾನದ ಅಧ್ಯಾಪಕರು ವಿದ್ಯಾರ್ಥಿನಿಯರನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ ಹೋಗಿ ಒಂದು ಸಂಗ್ರಹವನ್ನು ವರ್ಗೀಕರಿಸಿ ಬಂದರೆ ಅದು ‘ವಿಸ್ತರಣಾ ಚಟುವಟಿಕೆ’ ಆಗುತ್ತದೆ, 16 ಗಂಟೆಯೊಳಗೆ ಬರುವುದಿಲ್ಲ. ಬಡ್ತಿಯ ಅಂಕಕ್ಕೆ ಅದಕ್ಕಿಂತ ಒಂದು ಪ್ರಬಂಧ ಪ್ರಕಟಿಸುವುದು ಲಾಭ. ಜನ ಲಾಭವಿದ್ದ ಕಡೆಗೆ ಹೋಗುತ್ತಾರೆ. ಅದು ಅಧ್ಯಾಪಕರ ತಪ್ಪಲ್ಲ.

ಇದೆಲ್ಲ ಗುಮಾಸ್ತಗಿರಿ, ಆರು ತಿಂಗಳ ಸರ್ಟಿಫಿಕೇಟ್ ಸಾಕು, ಇದಕ್ಕೆ ಪ್ರಾಧ್ಯಾಪಕರ ಸಂಬಳವೇಕೆ ಎಂಬ ಆಕ್ಷೇಪವಿದೆ. ಬಸವನ ಬಾಗೇವಾಡಿಯ ಕಾಲೇಜಿನ ಕಪಾಟಿನಲ್ಲಿ ವಚನ ಸಂಪುಟವನ್ನು ಎಲ್ಲಿಡಬೇಕು ಎಂದು ಕೇಳಿ ನೋಡಿ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಶೈವ ಪಂಥಕ್ಕೆ 294.5513. ಸಾಹಿತ್ಯ ಎಂದರೆ ಒಂದು ಮೂಲೆ, ಧರ್ಮ ಎಂದರೆ ಇನ್ನೊಂದು. ಅಷ್ಟೇ ಅಲ್ಲ, ಧರ್ಮದ 200ರ ವಿಭಾಗದಲ್ಲಿ ಕ್ರೈಸ್ತ ಮತಕ್ಕೆ 220ರಿಂದ 280ರವರೆಗೆ ಜಾಗ ಕೊಟ್ಟು, ಉಳಿದ ಲೋಕವನ್ನೆಲ್ಲ 290ಕ್ಕೆ ತುರುಕಿದ ಪದ್ಧತಿ ಅದು. ಲಿಂಗಾಯತವನ್ನು ಹಿಂದೂ ಧರ್ಮದ ಶಾಖೆಯೊಳಗೆ ಇಡುವುದೇ ಇಂದು ವಿವಾದ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ 398ರ ಜಾನಪದವೋ, ಕನ್ನಡ ಕಾವ್ಯವೋ? ಎಲ್ಲಿಡುತ್ತೇವೆ ಎಂಬುದು ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನೂ ನಿರ್ಧರಿಸುತ್ತದೆ. ಈ ಜಿಲ್ಲೆಗಂತೂ ಪಟ್ಟಿಯ ಬೆಲೆ ಗೊತ್ತಿರಬೇಕು. ಆದಿಲಶಾಹಿ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು ಅಸರ್ ಮಹಲಿನಿಂದ 1853ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿಗೆ ಹೋದವು. ಅಲ್ಲಿನ ಅರಬ್ಬಿ ಹಸ್ತಪ್ರತಿಗಳಿಗೆ ಓಟೋ ಲೋಟ್ 1877ರಲ್ಲಿ ಸೂಚಿ ಪ್ರಕಟಿಸಿದ್ದರಿಂದಲೇ ಯಾವುದು ವಿಜಯಪುರದ್ದೆಂದು ಇಂದು ಹುಡುಕಿ ಹೇಳಬಹುದು. ಅದು ಗುಮಾಸ್ತನ ಕೆಲಸವಲ್ಲ.

ಮೊಬೈಲಿನಲ್ಲಿ ಎಲ್ಲ ಸಿಗುವಾಗ ಗ್ರಂಥಪಾಲನೇ ಬೇಡ, ಅವನ ಮಾಸ್ತರ ಯಾಕೆ ಎಂಬುದು ಎರಡನೆಯ ಮಾತು. ಇಂಗ್ಲಿಷಿನ ಮಟ್ಟಿಗೆ ಇದರಲ್ಲಿ ಸ್ವಲ್ಪ ಹುರುಳಿದೆ. ಕನ್ನಡದ ಸ್ಥಿತಿ ಬೇರೆ. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ಪರಿವರ್ತಿಸದಿದ್ದರೆ ಹುಡುಕು ಯಂತ್ರಕ್ಕೆ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಕನ್ನಡ ಪುಸ್ತಕದ ಹೆಸರನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿಟ್ಟರೆ ಹುಡುಕುವವರು ಯಾವುದನ್ನೆಂದು ಹುಡುಕಬೇಕು? ಬಸವಣ್ಣ, ಬಸವೇಶ್ವರ, ಬಸವ ಒಬ್ಬರೇ ಎಂದು ಯಂತ್ರಕ್ಕೆ ಮೊದಲು ಯಾರಾದರೂ ಹೇಳಿಕೊಡಲೇಬೇಕು. ಹಾಗೆ ಹೇಳಿಕೊಡಬಲ್ಲವರನ್ನು ತಯಾರು ಮಾಡುವ ಕಡೆಯೆಂದರೆ ಇದೇ ವಿಭಾಗ.

ಮೂರನೆಯ ಆಕ್ಷೇಪಕ್ಕೆ ಉತ್ತರಿಸುವುದು ಕಷ್ಟ: ಕಲಿತವರಿಗೆ ಕೆಲಸ ಎಲ್ಲಿದೆ? ಗ್ರಂಥಪಾಲರ ಹುದ್ದೆ ಖಾಲಿಯಿರುವ ಕಾಲೇಜಿನಲ್ಲಿ ಬೇರೆ ವಿಷಯದ ಉಪನ್ಯಾಸಕರಿಗೇ ಗ್ರಂಥಾಲಯದ ಹೊಣೆ ಹೊರಿಸುವ ರೂಢಿ ಹೊಸದಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ‘ಅರಿವು ಕೇಂದ್ರ’ಗಳಾದವು, ಅಲ್ಲಿನ ಮೇಲ್ವಿಚಾರಕರದು ಸಾಧಾರಣ ಗೌರವಧನದ ಕೆಲಸ, ಸ್ನಾತಕೋತ್ತರ ಪದವೀಧರೆಗೆ ಅದು ಜೀವನವಾಗದು. ಇದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಹುದ್ದೆ ಕಡಿಮೆಯಿದೆ ಎಂದು ವಿಭಾಗವನ್ನು ಸೊರಗಿಸಿದರೆ ಇರುವ ಗ್ರಂಥಾಲಯಗಳಿಗೆ ಸಿಗುವ ನೆರವೂ ನಿಲ್ಲುತ್ತದೆ. ಅದರ ಬದಲು ಅಧ್ಯಾಪಕರ 16 ಗಂಟೆಗಳಲ್ಲಿ ನಾಲ್ಕನ್ನು ತಾಲ್ಲೂಕಿನ ಗ್ರಂಥಾಲಯಗಳಲ್ಲಿ ನಡೆಸುವ ಪ್ರಾಯೋಗಿಕ ಪಾಠಕ್ಕೆಂದು ಎಣಿಸಲಿ, ಪಂಚಾಯಿತಿ ಮೇಲ್ವಿಚಾರಕರ ತರಬೇತಿಯನ್ನು ಅದಕ್ಕೇ ಸೇರಿಸಲಿ, ಬಡ್ತಿಯ ಅಂಕದಲ್ಲಿ ಒಂದು ಸರಿಯಾದ ಕನ್ನಡ ಸೂಚಿಗೆ ಒಂದು ಸಂಶೋಧನಾ ಪ್ರಬಂಧದ ತೂಕ ಕೊಡಲಿ. ತೊರವಿಯಿಂದ ಇಂಡಿಗೆ ಬಸ್ಸಿನಲ್ಲಿ ಹೋಗಿ ಬರುವುದು ಒಂದೇ ದಿನದ ಕೆಲಸ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ವೇತನ ಶ್ರೇಣಿಯೂ ಬೇಕಿಲ್ಲ. ವೇಳಾಪಟ್ಟಿಯಲ್ಲಿ ಒಂದು ಕಲಂ ಸಾಕು.