ತಾಳ ಬದಲಾಗುವ ಸೀಮೆ

ಗುಂತಕಲ್ಲಿನಲ್ಲಿ ರೈಲಿಳಿದು ಚಿಪ್ಪಗಿರಿಯ ಹಾದಿ ಹಿಡಿದರೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ಕಾರ್ತಿಕ ಮಾಸ, ಹತ್ತಿ ಬಿರಿಯುವ ಹೊತ್ತು. ಊರು ಇನ್ನೂ ಕಾಣುವುದಿಲ್ಲ, ತಾಳದ ಸದ್ದು ಆಗಲೇ ಕಿವಿಗೆ ಬಿದ್ದಿರುತ್ತದೆ.

ಕಾರ್ತಿಕ ಶುದ್ಧ ದಶಮಿ ವಿಜಯದಾಸರ ಆರಾಧನೆ. ರಾಯಚೂರು ಸೀಮೆಯ ಚೀಕಲಪರವಿಯಲ್ಲಿ 1682ರಲ್ಲಿ ಹುಟ್ಟಿದ ದಾಸರು ಕೊನೆಯುಸಿರೆಳೆದದ್ದು ಈ ಚಿಪ್ಪಗಿರಿಯಲ್ಲಿ, 1755ರಲ್ಲಿ. ಅವರ ಕಟ್ಟೆಯ ಮುಂದೆ ಬೆಳಗಿನ ಜಾವದಿಂದಲೇ ಜನ. ಒಬ್ಬರ ಬೆರಳಲ್ಲಿ ಚಿಟಿಕೆ, ಇನ್ನೊಬ್ಬರ ಹೆಗಲ ಮೇಲೆ ತಂಬೂರಿ. ಹಾಡುವ ಹೆಂಗಸರ ಸಾಲಿನ ತುದಿಯಲ್ಲಿ ಒಬ್ಬ ಅಜ್ಜಿ. ತೊಡೆಯ ಮೇಲೆ ಅಂಚು ಸವೆದ ನೋಟ್‌ಬುಕ್ಕು. ನಡುವೆ ಫೋನು ಬಂತು. ‘ಇಪ್ಪುಡೇ ವಸ್ತಾನು’ ಎಂದು ತೆಲುಗಿನಲ್ಲಿ ಅಂದು, ಫೋನನ್ನು ಸೆರಗಿನ ಗಂಟಿಗೆ ಸೇರಿಸಿ, ಬಿಟ್ಟ ಪಲ್ಲವಿಯನ್ನು ಕನ್ನಡದಲ್ಲಿ ಎತ್ತಿಕೊಂಡಳು. ಬಗ್ಗಿ ನೋಡಿದರೆ ನೋಟ್‌ಬುಕ್ಕಿನಲ್ಲಿ ಇದ್ದದ್ದು ಕನ್ನಡ ಹಾಡೇ, ಬರೆದದ್ದು ತೆಲುಗು ಅಕ್ಷರದಲ್ಲಿ. ಒಂದು ಲಿಪಿಯ ತಲೆಕಟ್ಟು ಮಲಗಿರುತ್ತದೆ, ಇನ್ನೊಂದರದು ಗರಿಯಂತೆ ಎದ್ದಿರುತ್ತದೆ. ಅದರ ಕೆಳಗಿನ ಮಾತು ಮಾತ್ರ ಮನೆಯದು.

ವಿಜಯದಾಸರ ಹೆಚ್ಚುಗಾರಿಕೆ ಸುಳಾದಿಯಲ್ಲಿ. ಪದಕ್ಕೆ ಮೊದಲಿಂದ ಕೊನೆಯವರೆಗೆ ಒಂದೇ ತಾಳ, ಸುಳಾದಿ ಹಾಗಲ್ಲ. ಧ್ರುವದಲ್ಲಿ ಹೊರಟರೆ ಮಟ್ಟ, ತ್ರಿವಿಡಿ, ಅಟ್ಟ ಎಂದು ನುಡಿಗೊಂದು ತಾಳ ಬದಲಾಗುತ್ತ ಹೋಗುತ್ತದೆ. ಹೇಳುತ್ತಿರುವ ವಿಷಯ ಮಾತ್ರ ಒಂದೇ. ಕೊನೆಗೆ ಎರಡು ಸಾಲಿನ ‘ಜತೆ’ ಬಂದು ಎಲ್ಲವನ್ನೂ ಗಂಟು ಹಾಕುತ್ತದೆ. ಚಿಪ್ಪಗಿರಿ ಇರುವ ಆದವಾನಿ ಸೀಮೆಯನ್ನು ಸುತ್ತಿದವನಿಗೆ ಇದು ಈ ನೆಲದ್ದೇ ಕಟ್ಟು ಅನ್ನಿಸದೆ ಇರದು.

ಇದು ಹಳೆಯ ಬಳ್ಳಾರಿ ಜಿಲ್ಲೆಯ ನೆಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಗೆರೆ ಎಳೆದವರು ತಾಲ್ಲೂಕು ಎಣಿಸಿದರು; ತಾಳ ಎಣಿಸುವುದು ಅವರ ಕೆಲಸವಾಗಿರಲಿಲ್ಲ. ಕೌತಾಳ, ಹೊಳಗುಂದಿ, ಕೋಸಿಗಿ ಕಡೆಯ ಊರುಗಳಲ್ಲಿ ಇವತ್ತಿಗೂ ಅಂಗಡಿಯ ಬೋರ್ಡು ತೆಲುಗು, ಕಟ್ಟೆಯ ಮಾತು ಕನ್ನಡ, ಬೈಗುಳಕ್ಕೆ ಎರಡೂ ಆದೀತು.

ಆದವಾನಿಯ ಹತ್ತಿ ಮಾರುಕಟ್ಟೆ ದಾಟಿ ಹಳೆಯ ಪೇಟೆಗೆ ಬಂದರೆ ಶಾಹಿ ಜಾಮಿಯಾ ಮಸೀದಿ. 17ನೇ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿಯ ಪರವಾಗಿ ಈ ಕೋಟೆಯನ್ನು ಆಳಿದ ಸಿದ್ದಿ ಮಸೂದ್ ಖಾನನ ಕಾಲದ್ದು. ಸಿದ್ದಿ ಎಂದರೆ ಹಬಶಿ. ಆ ಜನದ ಬೇರು ಕಡಲಾಚೆಯ ಆಫ್ರಿಕಾದಲ್ಲಿ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಯರು ಡಮಾಮಿ ಬಾರಿಸಿ ಕುಣಿಯುವಾಗ ಆ ಬೇರು ಇಂದಿಗೂ ಮಿಡಿಯುತ್ತದೆ. ತುಂಗಭದ್ರೆಯ ದಂಡೆಯ ಮಂಚಾಲೆ ಎಂಬ ಹಳ್ಳಿಯನ್ನು ರಾಘವೇಂದ್ರ ಯತಿಗಳಿಗೆ ಬಿಟ್ಟುಕೊಟ್ಟವನು ಈ ಮಸೂದ್ ಖಾನನೇ ಎಂದು ಮಠದ ಪರಂಪರೆ ನೆನೆಯುತ್ತದೆ. ಆ ಮಂಚಾಲೆಯೇ ಮಂತ್ರಾಲಯ.

ಕೊಟ್ಟವನು ಹಬಶಿ, ಪಡೆದವರು ವೀಣೆಯ ಮನೆತನದವರು. ರಾಘವೇಂದ್ರ ರಾಯರ ಮುತ್ತಜ್ಜ ಕೃಷ್ಣಭಟ್ಟರು ವಿಜಯನಗರದ ಕೃಷ್ಣದೇವರಾಯನಿಗೆ ವೀಣೆ ಕಲಿಸಿದವರೆಂದು ಪರಂಪರೆ ಹೇಳುತ್ತದೆ. ಪೂರ್ವಾಶ್ರಮದಲ್ಲಿ ವೆಂಕಟನಾಥರಾಗಿದ್ದಾಗ ರಾಯರೂ ವೈಣಿಕರೇ. 1671ರ ಶ್ರಾವಣ ಬಹುಳ ಬಿದಿಗೆಯಂದು ಅವರು ಬೃಂದಾವನ ಪ್ರವೇಶಿಸಿದಾಗ ಶಿಷ್ಯ ಅಪ್ಪಣಾಚಾರ್ಯರು ಹೊಳೆಯಾಚೆಯಿಂದ ಸ್ತೋತ್ರ ಹೇಳುತ್ತ ಓಡಿ ಬಂದರಂತೆ. ದುಃಖಕ್ಕೆ ಗಂಟಲು ಕಟ್ಟಿ ಕೊನೆಯ ಪಾದ ಅರ್ಧಕ್ಕೆ ನಿಂತಾಗ, ಉಳಿದ ಏಳಕ್ಷರವನ್ನು ಬೃಂದಾವನವೇ ನುಡಿಯಿತು ಎಂಬುದು ಕಥೆ. ಆಚೆ ದಂಡೆ ಇವತ್ತು ಕರ್ನಾಟಕ, ಈಚೆ ದಂಡೆ ಆಂಧ್ರ. ಸ್ತೋತ್ರ ಮಾತ್ರ ನಡುಹೊಳೆಯಲ್ಲಿ ತುಂಡಾಗಲಿಲ್ಲ.

ರಾಯರ ಆರಾಧನೆಯ ರಾತ್ರಿ ಮಂತ್ರಾಲಯದಲ್ಲಿ ನಿದ್ದೆ ಮಾಡುವವರು ಕಡಿಮೆ. ಕಂಬಕ್ಕೊರಗಿ ಕೂತವರು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡವರು, ಒದ್ದೆ ಪಂಚೆ ಒಣಗಲು ಹರವಿದವರು. ಎಲ್ಲರ ಕಿವಿಯೂ ವೇದಿಕೆಯ ಕಡೆಗೆ. ಗದಗ ಸೀಮೆಯ ಭೀಮಸೇನ ಜೋಶಿಯವರು ರಾಯರ ಭಕ್ತರು. ಇಲ್ಲಿ ಸೇವೆಯೆಂದು ಹಾಡಿದವರು. ಅವರ ಗುರು ಕುಂದಗೋಳದ ಸವಾಯಿ ಗಂಧರ್ವರು, ಆ ಗುರುವಿಗೆ ಗುರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು. ದಾಸರು ಗೋಪಾಳಬುಟ್ಟಿ ಹಿಡಿದು ಬೀದಿಯಲ್ಲಿ ಹಾಡಿದ ಪದ ಉತ್ತರದ ಖಾನ್ ಸಾಹೇಬರ ಗಾಯಕಿಯನ್ನು ಹೊದ್ದು ದಕ್ಷಿಣದ ಮಠದಂಗಳಕ್ಕೆ ಮರಳಿತು. ಮಂಚಾಲೆ ಕೈಬದಲಾದ ಹಾಗೆಯೇ ಇದೂ ಒಂದು ಕೊಡುಕೊಳೆ, ದಸ್ತಾವೇಜು ಇಲ್ಲದ್ದು.

ಅಲ್ಲಿ ಕುಳಿತ ಭಜನಾ ಮಂಡಳಿಗಳ ಮುಂದೆಲ್ಲ ಹಾರ್ಮೋನಿಯಂ. ಯೂರೋಪಿನಿಂದ ಹಡಗೇರಿ ಬಂದ ವಾದ್ಯ ಅದು. ನಮ್ಮ ಗಮಕಕ್ಕೆ ಒಗ್ಗದೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಟ್ಟುಕೊಳ್ಳಲು 1971ರವರೆಗೆ ಕಾಯಬೇಕಾಯಿತು. ಹಳ್ಳಿಯ ಭಜನೆಗೆ ಆ ಆಜ್ಞೆ ಮುಟ್ಟಲೇ ಇಲ್ಲ. ಬಯಲಾಟದ ಪೇಟಿ ಮಾಸ್ತರರು ಅದನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗಿದರು. ಯಾವುದು ನಮ್ಮದು, ಯಾವುದು ಪರರದು ಎಂದು ಪಂಡಿತರು ತೀರ್ಮಾನಿಸುವಷ್ಟರಲ್ಲಿ ಜನ ಅರ್ಧ ರಾತ್ರಿಯ ಹಾಡು ಮುಗಿಸಿರುತ್ತಾರೆ.

ಮೊಹರಂ ಬಂದರೆ ಇದೇ ಊರುಗಳಲ್ಲಿ ತಾಳ ಬೇರೆ. ಅಲಾಯಿ ಕುಣಿಯಲ್ಲಿ ಕೆಂಡ, ಸುತ್ತ ಹಲಗೆ. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ, ಸುತ್ತು ತಿರುಗುತ್ತಲೇ ಇರುತ್ತದೆ. ಹಸನ್ ಹುಸೇನರ ಸಾವನ್ನು ಅಳುತ್ತ ಹಾಡುವವರಲ್ಲಿ ಮುಸ್ಲಿಮರಷ್ಟೇ ಇರುವುದಿಲ್ಲ. ಪೀರ ದೇವರಿಗೆ ಸಕ್ಕರೆ ಓದಿಸುವ ರೈತರೂ ಕೂಲಿಯವರೂ ಇರುತ್ತಾರೆ. ಕರ್ಬಲಾದ ಮರಳು ಈ ಎರೆಮಣ್ಣಿಗೆ ಬೆರೆತದ್ದು ಹಲಗೆಯ ಪೆಟ್ಟಿನಲ್ಲಿ.

ಸಂಗೀತವೆಂದರೆ ಬರೀ ಶಾಂತಿ ಎನ್ನುವವರು ವಿಜಯದಶಮಿಯ ರಾತ್ರಿ ದೇವರಗಟ್ಟಿಗೆ ಬರಬೇಕು. ಹೊಳಗುಂದಿ ಹತ್ತಿರದ ಗುಡ್ಡದ ಮೇಲೆ ಮಾಳಮ್ಮ, ಮಲ್ಲೇಶ್ವರರ ನೆಲೆ. ನಡುರಾತ್ರಿ ದೇವರ ಮದುವೆ ಮುಗಿದು ಉತ್ಸವಮೂರ್ತಿ ಹೊರಟಿತೆಂದರೆ ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಯವರು ಒಂದು ಕಡೆ, ಸುತ್ತಲ ಹಳ್ಳಿಗಳವರು ಇನ್ನೊಂದು ಕಡೆ. ದೀವಟಿಗೆಯ ಬೆಳಕಿನಲ್ಲಿ ಎತ್ತಿದ ಬಡಿಗೆಗಳ ಕಾಡು. ಡೊಳ್ಳಿನ ಪೆಟ್ಟು ಮೊದಲು ಪಾದಕ್ಕೆ ತಾಗುತ್ತದೆ, ಆಮೇಲೆ ಎದೆಗೆ. ಬಡಿಗೆಗೆ ಬಡಿಗೆ ತಾಗುತ್ತದೆ, ತಲೆಗೂ ತಾಗುತ್ತದೆ. ವರ್ಷವರ್ಷವೂ ಜನ ಗಾಯಗೊಳ್ಳುತ್ತಾರೆ, ಪ್ರಾಣ ಹೋದದ್ದೂ ಉಂಟು. ಪೊಲೀಸರು ಪ್ರತಿ ಸಲವೂ ಬೇಡವೆನ್ನುತ್ತಾರೆ, ಜನ ಅರಿಸಿನ ಮೆತ್ತಿಕೊಂಡು ಮತ್ತೆ ನಿಲ್ಲುತ್ತಾರೆ. ಇದನ್ನು ಹೊಗಳಲು ನನ್ನ ನಾಲಗೆ ಏಳದು. ಆದರೆ ಜನರನ್ನು ಒಂದೇ ಹೆಜ್ಜೆಗೆ ತರುವ ಡೊಳ್ಳು ಅವರನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಡೊಳ್ಳು ಹೇಳದು. ಅದನ್ನು ಹೆಜ್ಜೆ ಹಾಕುವವರೇ ಗೊತ್ತುಮಾಡಬೇಕು.

ಹಾಡಿನಲ್ಲಿ ನುಡಿ ಕಾಯುವುದು ನಮ್ಮ ಸೀಮೆಗಷ್ಟೇ ಸೇರಿದ್ದಲ್ಲ. ಎಸ್ಟೋನಿಯಾದ ಜನ 1869ರಲ್ಲಿ ತಾರ್ತು ಪಟ್ಟಣದಲ್ಲಿ ಮೊದಲ ಹಾಡುಹಬ್ಬ ಮಾಡಿದರು, ಪರರ ಆಳ್ವಿಕೆಯಲ್ಲೂ ಅದನ್ನು ಬಿಡಲಿಲ್ಲ. ಅವರಿಗೆ ಅದು ಪಣ. ಚಿಪ್ಪಗಿರಿಯ ಅಜ್ಜಿಗೆ ಅಂಥ ಯಾವ ಪಣವೂ ಇಲ್ಲ. ಕನ್ನಡ ಉಳಿಸಬೇಕೆಂದು ಆಕೆ ಹಾಡುತ್ತಿಲ್ಲ, ದಶಮಿ ಬಂತೆಂದು ಹಾಡುತ್ತಾಳೆ. ಈ ಸೀಮೆಯಲ್ಲಿ ಹಾಡು ಉಳಿದದ್ದು ಅದಕ್ಕೊಂದು ತಿಥಿ, ಒಂದು ಹಾದಿ, ಮಾಡಲೇಬೇಕಾದ ಒಂದು ಕೆಲಸ ಇರುವುದರಿಂದ. ತಿಥಿ ಮರೆತ ಹಾಡು ಪುಸ್ತಕಕ್ಕೆ ಹೋಗುತ್ತದೆ, ಕೆಲಸ ಕಳೆದುಕೊಂಡ ಹಾಡು ವೇದಿಕೆಗೆ ಹೋಗುತ್ತದೆ.

ಚಿಪ್ಪಗಿರಿಯಲ್ಲಿ ಸಂಜೆಯಾಯಿತು. ಅಜ್ಜಿಯ ಪಕ್ಕಕ್ಕೆ ಮೊಮ್ಮಗಳು ಬಂದು ಕೂತಳು. ಆಕೆ ಓದುವುದು ಇಂಗ್ಲಿಷ್ ಶಾಲೆಯಲ್ಲಿ. ನೋಟ್‌ಬುಕ್ಕನ್ನು ಅತ್ತ ಸರಿಸಿ, ಅಜ್ಜಿಯ ಬಾಯಿ ನೋಡಿಕೊಂಡೇ ಹಾಡತೊಡಗಿದಳು. ಅಟ್ಟತಾಳಕ್ಕೆ ಬಂದಾಗ ಲೆಕ್ಕ ತಪ್ಪಿತು. ಅಜ್ಜಿ ಹಾಡು ನಿಲ್ಲಿಸಲಿಲ್ಲ, ಹುಡುಗಿಯ ಕೈ ಹಿಡಿದು ತೊಡೆಯ ಮೇಲೆ ತಟ್ಟಿದಳು.

ಮುಂದಿನ ಕಾರ್ತಿಕಕ್ಕೆ ನೀವೂ ಬನ್ನಿ. ಹಿಂದಿನ ಸಾಲಿನಲ್ಲಿ ಕೂತರೆ ಯಾವ ಊರು, ಯಾವ ರಾಜ್ಯ ಎಂದು ಕೇಳುವ ಮೊದಲೇ ಯಾರಾದರೂ ನಿಮ್ಮ ಕೈಗೊಂದು ಜೊತೆ ತಾಳ ಕೊಡುತ್ತಾರೆ.