ಜೀರ್ಣಾಂಗಗಳ ಅರ್ಬುದ ರೋಗ: ಲಕ್ಷಣವನ್ನು ಗುರುತಿಸುವುದು, ಸ್ಪಷ್ಟವಾಗಿ ಹೇಳುವುದು

ಜೀರ್ಣಾಂಗವ್ಯೂಹದ ಚಿತ್ರ ಬರೆಯುವಾಗ ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ ಎಂಬ ಹೆಸರುಗಳನ್ನು ವಿದ್ಯಾರ್ಥಿಗಳು ತಪ್ಪಿಲ್ಲದೆ ಗುರುತಿಸುತ್ತಾರೆ. ಮನೆಗೆ ಹೋದೊಡನೆ ಇವೆಲ್ಲವೂ ‘ಹೊಟ್ಟೆ’ ಎಂಬ ಒಂದೇ ಪದದಲ್ಲಿ ಅಡಗುತ್ತವೆ. ಎದೆಯುರಿ, ಅಜೀರ್ಣ, ಹೊಟ್ಟೆಯುಬ್ಬರ, ವಾಂತಿ ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ’. ಹೆಚ್ಚಿನ ಸಂದರ್ಭಗಳಲ್ಲಿ ಈ ಊಹೆ ಸರಿಯಾಗಿಯೇ ಇರುತ್ತದೆ. ಆದರೆ ಅದು ತಪ್ಪಾದಾಗ ರೋಗಿಯು ಕಳೆದುಕೊಳ್ಳುವುದು ತಿಂಗಳುಗಳನ್ನು; ಜೀರ್ಣಾಂಗಗಳ ಅರ್ಬುದದಲ್ಲಿ ಆ ತಿಂಗಳುಗಳೇ ಚಿಕಿತ್ಸೆಯ ಫಲವನ್ನು ನಿರ್ಧರಿಸಬಹುದು. ಲಕ್ಷಣವನ್ನು ಸ್ಪಷ್ಟ ಮಾತಿನಲ್ಲಿ ಹೇಳಲು ಕಲಿಸುವುದು ವಿಜ್ಞಾನ ಶಿಕ್ಷಕರ ಕೆಲಸವಷ್ಟೇ ಅಲ್ಲ, ಭಾಷಾ ಶಿಕ್ಷಕರ ಕೆಲಸವೂ ಹೌದು.

ರೋಗದ ಸ್ವರೂಪ

ದೇಹದ ಜೀವಕೋಶಗಳು ನಿಯಂತ್ರಣ ತಪ್ಪಿ ವೃದ್ಧಿಯಾಗಿ, ಸುತ್ತಲಿನ ಅಂಗಾಂಶವನ್ನು ಆಕ್ರಮಿಸಿ, ದೂರದ ಅಂಗಗಳಿಗೂ ಹರಡಬಲ್ಲ ಸ್ಥಿತಿಯೇ ಅರ್ಬುದ. ಏಡಿಯ ಹೋಲಿಕೆಯಿಂದ ಕನ್ನಡದಲ್ಲಿ ‘ಏಡಿಗಂತಿ’ ಎಂಬ ಹೆಸರೂ ಇದಕ್ಕಿದೆ. ಇದು ಸಾಂಕ್ರಾಮಿಕವಲ್ಲ, ರೋಗಿಯೊಡನೆ ಉಣ್ಣುವುದರಿಂದಾಗಲಿ ಮುಟ್ಟುವುದರಿಂದಾಗಲಿ ಹರಡುವುದಿಲ್ಲ. ದೊಡ್ಡ ಕರುಳಿನ ಅರ್ಬುದ ಬಹುಮಟ್ಟಿಗೆ ‘ಪಾಲಿಪ್’ ಎಂಬ ಸಣ್ಣ ಗಂಟಿನಿಂದ ಆರಂಭವಾಗಿ, ಅನೇಕ ವರ್ಷಗಳಲ್ಲಿ ಬೆಳೆಯುತ್ತದೆ. ಆ ಗಂಟನ್ನು ಮೊದಲೇ ತೆಗೆದರೆ ರೋಗವನ್ನೇ ತಡೆಯಬಹುದು.

ಅಂಗಕ್ಕೊಂದು ಸೂಚನೆ

ಅನ್ನನಾಳದ ಅರ್ಬುದದಲ್ಲಿ ನುಂಗುವ ತೊಂದರೆ ಮುಖ್ಯ ಲಕ್ಷಣ. ಅದು ಕ್ರಮವಾಗಿ ಹೆಚ್ಚುತ್ತದೆ: ಮೊದಲು ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆ, ಬಳಿಕ ಮೆತ್ತಗಿನ ಅನ್ನವೂ, ಕೊನೆಗೆ ಗಂಜಿ, ನೀರೂ ಇಳಿಯುವುದಿಲ್ಲ. ಮನೆಯವರು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡತೊಡಗಿದಾಗ ರೋಗಿಯ ಊಟ ಸುಗಮವಾದಂತೆ ಕಂಡು, ಸೂಚನೆ ಮರೆಯಾಗುತ್ತದೆ.

ಜಠರದಲ್ಲಿ ಸ್ವಲ್ಪ ಉಂಡೊಡನೆ ಹೊಟ್ಟೆ ತುಂಬಿದಂತಾಗುವುದು, ಹಸಿವು ಕುಂದುವುದು, ಮತ್ತೆ ಮತ್ತೆ ವಾಂತಿ, ತೂಕ ಇಳಿಯುವುದು ಮುಖ್ಯ ಸೂಚನೆಗಳು. ಆಮ್ಲ ತಗ್ಗಿಸುವ ಮಾತ್ರೆಯಿಂದ ಅರ್ಬುದದ ಹುಣ್ಣಿನ ನೋವೂ ಕೆಲಕಾಲ ಶಮನವಾಗಬಹುದು. ಆದುದರಿಂದ ಮಾತ್ರೆಯಿಂದ ಗುಣ ಕಂಡಿತೆಂಬುದು ರೋಗವಿಲ್ಲವೆಂಬುದಕ್ಕೆ ಆಧಾರವಾಗದು. ಮೇಲ್ಭಾಗದಲ್ಲಿ ರಕ್ತ ಒಸರಿದರೆ ಮಲ ಕೆಂಪಾಗದೆ ಸಾಮಾನ್ಯವಾಗಿ ಡಾಂಬರಿನಂತೆ ಕಪ್ಪಾಗಿ, ಅಂಟಾಗಿ ಬರುತ್ತದೆ. ಕಬ್ಬಿಣದ ಮಾತ್ರೆ ಸೇವಿಸುವವರಲ್ಲಿಯೂ ಮಲ ಕಪ್ಪಾಗುವುದರಿಂದ ಅದನ್ನೂ ವೈದ್ಯರಿಗೆ ತಿಳಿಸಬೇಕು.

ದೊಡ್ಡ ಕರುಳು ಮತ್ತು ಗುದನಾಳದಲ್ಲಿ ಮಲವಿಸರ್ಜನೆಯ ವಾಡಿಕೆ ಬದಲಾಗುತ್ತದೆ: ಹೊಸದಾಗಿ ಮಲಬದ್ಧತೆ ಅಥವಾ ಭೇದಿ, ಪೂರ್ತಿ ಆಗಲಿಲ್ಲವೆಂಬ ಅನಿಸಿಕೆ, ಮಲದೊಡನೆ ರಕ್ತ. ಕರುಳಿನ ಬಲಭಾಗದಲ್ಲಿ ರಕ್ತ ಕಣ್ಣಿಗೆ ಕಾಣದಷ್ಟು ಸಣ್ಣಗೆ ಒಸರುವುದುಂಟು. ಆಗ ಹೊರಗೆ ಕಾಣುವುದು ರಕ್ತಹೀನತೆ, ಸುಸ್ತು, ಏದುಸಿರು ಮಾತ್ರ. ವಯಸ್ಸಾದವರಲ್ಲಿ ರಕ್ತಹೀನತೆ ಕಂಡರೆ ಕಬ್ಬಿಣದ ಮಾತ್ರೆ ಕೊಟ್ಟು ಸುಮ್ಮನಾಗದೆ ಕಾರಣವನ್ನು ಹುಡುಕಬೇಕು.

ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಅಥವಾ ಪಿತ್ತನಾಳದಲ್ಲಿ ಗಡ್ಡೆ ಬೆಳೆದರೆ ಪಿತ್ತರಸದ ದಾರಿ ಮುಚ್ಚಿ ಕಾಮಾಲೆಯಾಗುತ್ತದೆ. ಕಣ್ಣು ಹಳದಿ, ಮೂತ್ರ ಗಾಢ, ಮಲ ಜೇಡಿಮಣ್ಣಿನಂತೆ ಬಿಳಿಚು, ಮೈತುಂಬ ತುರಿಕೆ. ನೋವು ಮಾತ್ರ ಇಲ್ಲದಿರಬಹುದು. ಜ್ವರವಿಲ್ಲ, ನೋವಿಲ್ಲವೆಂದು ನಾಟಿ ಔಷಧಿ ಮತ್ತು ಪಥ್ಯದಲ್ಲಿ ವಾರಗಳನ್ನು ಕಳೆಯುವುದು ಇಲ್ಲಿ ಅಪಾಯಕರ.

ಇವುಗಳಲ್ಲಿ ಯಾವುದೇ ಒಂದು ಲಕ್ಷಣ ಕಂಡಮಾತ್ರಕ್ಕೆ ಅರ್ಬುದವೆಂದು ತಿಳಿಯಬಾರದು. ಹೊಸದಾಗಿ ತೋರಿದ ತೊಂದರೆ ಎರಡು ಮೂರು ವಾರಕ್ಕೂ ಮಿಕ್ಕಿ ಉಳಿದರೆ, ದಿನೇ ದಿನೇ ಹೆಚ್ಚಿದರೆ, ಅಥವಾ ಅದರೊಡನೆ ತೂಕ ಇಳಿದರೆ ವೈದ್ಯರನ್ನು ಕಾಣಬೇಕು. ನುಂಗಲಾಗದಿರುವುದು, ರಕ್ತವಾಂತಿ, ಕಪ್ಪು ಮಲ, ಕಾಮಾಲೆ ಇವುಗಳಿಗೆ ಅಷ್ಟು ದಿನವೂ ಕಾಯಬಾರದು.

ನಿರ್ಣಯದ ಹಂತಗಳು

ವೈದ್ಯರು ಮೊದಲು ರೋಗಿಯ ಮಾತನ್ನು ಕೇಳುತ್ತಾರೆ. ಬಳಿಕ ಹೊಟ್ಟೆಯನ್ನು ಮುಟ್ಟಿ ಪರೀಕ್ಷಿಸುತ್ತಾರೆ. ರಕ್ತ, ಮಲಗಳ ಪರೀಕ್ಷೆ ಮಾಡಿಸುತ್ತಾರೆ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಕೃತ್ತು, ಪಿತ್ತಕೋಶಗಳನ್ನು ಚೆನ್ನಾಗಿ ತೋರಿಸುತ್ತದೆ. ಅನ್ನನಾಳ, ಜಠರ, ಕರುಳುಗಳ ಒಳಪೊರೆಯಲ್ಲಿನ ಸಣ್ಣ ಹುಣ್ಣನ್ನು ತೋರಿಸಲಾರದು. ‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ’ ಎಂದು ಜನರು ನೆಮ್ಮದಿಯಿಂದ ಮರಳುವುದು ಇಲ್ಲಿಯೇ.

ಒಳಪೊರೆಯನ್ನು ನೇರವಾಗಿ ಕಾಣಲು ಕ್ಯಾಮೆರಾ ಇರುವ ಬಳುಕುವ ನಳಿಕೆಯನ್ನು ಬಳಸುತ್ತಾರೆ. ಬಾಯಿಯ ಮೂಲಕ ಜಠರದವರೆಗೆ ನೋಡುವುದು ಎಂಡೋಸ್ಕೋಪಿ. ಗುದದ್ವಾರದ ಮೂಲಕ ದೊಡ್ಡ ಕರುಳನ್ನು ನೋಡುವುದು ಕೊಲೊನೋಸ್ಕೋಪಿ. ಮೊದಲನೆಯದಕ್ಕೆ ಖಾಲಿ ಹೊಟ್ಟೆ ಬೇಕು. ಎರಡನೆಯದಕ್ಕೆ ಭೇದಿಯ ಔಷಧಿ ಕುಡಿದು ಕರುಳನ್ನು ಶುದ್ಧಗೊಳಿಸಿಕೊಂಡಿರಬೇಕು. ಸಂಶಯದ ಜಾಗದಿಂದ ಕೆಲವು ಮಿಲಿಮೀಟರುಗಳಷ್ಟು ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಯಾಪ್ಸಿ. ಸಾಮಾನ್ಯವಾಗಿ ರೋಗವನ್ನು ಖಚಿತಪಡಿಸುವುದು ಇದೇ. ‘ತುಣುಕು ತೆಗೆದರೆ ರೋಗ ಹರಡುತ್ತದೆ’ ಎಂಬ ಭಯದಿಂದ ಇದನ್ನು ನಿರಾಕರಿಸುವುದು ಸರಿಯಲ್ಲ. ಬಯಾಪ್ಸಿಯಿಲ್ಲದೆ ತಕ್ಕ ಚಿಕಿತ್ಸೆಯನ್ನು ಆರಿಸುವುದು ಕಷ್ಟ. ಬಳಿಕ ಸಿ.ಟಿ. ಮೊದಲಾದ ಪರೀಕ್ಷೆಗಳಿಂದ ರೋಗ ಎಷ್ಟು ಹರಡಿದೆಯೆಂದು ತಿಳಿದು 1ರಿಂದ 4ರವರೆಗಿನ ಹಂತವನ್ನು ಗೊತ್ತುಮಾಡುತ್ತಾರೆ. ಹಂತ ಕಡಿಮೆಯಿದ್ದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.

ಗಡಿನಾಡಿನ ತೊಡಕು

ಈ ಹಂತಗಳಲ್ಲಿ ಮೊದಲನೆಯದು ರೋಗಿಯ ಮಾತು. ಗಡಿನಾಡಿನ ಕನ್ನಡಿಗರಿಗೆ ತೊಡಕು ಆರಂಭವಾಗುವುದೂ ಅಲ್ಲಿಯೇ. ಕಾಸರಗೋಡಿನವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೆ ಹೋದರೆ ಸುತ್ತಲೂ ಮಲಯಾಳ. ಅಕ್ಕಲಕೋಟೆಯವರು ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆಗೆ ಹೋದರೆ ಮರಾಠಿ. ನಮ್ಮ ‘ಕರುಳು’ ಅನ್ನ ಜೀರ್ಣವಾಗುವ ನಾಳ. ಮಲಯಾಳದ ‘ಕರಳ್’ ಯಕೃತ್ತು. ಅಜ್ಜಿ ‘ಕರುಳು ನೋವು’ ಎಂದರೆ ಕೇಳುವವರು ಬೇರೆ ಅಂಗವನ್ನು ಊಹಿಸಬಹುದು. ಕಾಮಾಲೆಗೆ ಮಲಯಾಳದಲ್ಲಿ ‘ಮಞ್ಞಪ್ಪಿತ್ತಂ’, ತಮಿಳಿನಲ್ಲಿ ‘ಮಂಜಳ್ ಕಾಮಾಲೈ’, ತೆಲುಗಿನಲ್ಲಿ ‘ಪಚ್ಚಕಾಮೆರ್ಲು’, ಮರಾಠಿಯಲ್ಲಿ ‘ಕಾವೀಳ’. ಅರ್ಬುದಕ್ಕೆ ಮರಾಠಿಯಲ್ಲಿ ‘ಕರ್ಕರೋಗ’, ತಮಿಳಿನಲ್ಲಿ ‘ಪುಟ್ರುನೋಯ್’. ರಾಜ್ಯಭಾಷೆ ಬಲ್ಲ ಮೊಮ್ಮಕ್ಕಳೇ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ದುಭಾಷಿಗಳು. ಈ ಪದಗಳನ್ನು ಅವರಿಗೆ ತಿಳಿಸಿಕೊಡುವುದು ಶಾಲೆಯಿಂದ ಸಾಧ್ಯ. ಆದರೆ ರೋಗದ ವರದಿಯನ್ನು ತಿಳಿಸುವ ಹೊರೆಯನ್ನು ಮಗುವಿನ ಮೇಲೆ ಹೊರಿಸದಂತೆ ಪಾಲಕರಿಗೆ ತಿಳಿಹೇಳಬೇಕು. ಅದಕ್ಕೆ ಹಿರಿಯರೊಬ್ಬರು ಜೊತೆಗಿರಬೇಕು.

ತರಗತಿಯಲ್ಲಿ

‘ಹೊಟ್ಟೆ ಸರಿಯಿಲ್ಲ’ ಎಂಬ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು ಐದು ಪ್ರಶ್ನೆಗಳನ್ನು ಕೇಳಬಹುದು: ಎಲ್ಲಿ? ಎಂದಿನಿಂದ? ಹೆಚ್ಚುತ್ತಿದೆಯೇ? ಯಾವಾಗ ಕಾಣಿಸುತ್ತದೆ? ಜೊತೆಗೆ ಇನ್ನೇನು ಬದಲಾಗಿದೆ? ಉತ್ತರಗಳನ್ನು ಸೇರಿಸಿದಾಗ ವಾಕ್ಯ ಹೀಗಾಗುತ್ತದೆ: ‘ಒಂದು ತಿಂಗಳಿಂದ ರೊಟ್ಟಿ ನುಂಗುವಾಗ ಎದೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಈಗ ಅನ್ನವೂ ಇಳಿಯುತ್ತಿಲ್ಲ, ಮೈ ಇಳಿದಿದೆ.’ ಇದನ್ನೇ ರಾಜ್ಯಭಾಷೆಯಲ್ಲಿಯೂ ಬರೆಯಿಸಬೇಕು. ಉದಾಹರಣೆಗಳು ಕಲ್ಪಿತವಾಗಿರಲಿ, ತಮ್ಮ ಮನೆಯ ರೋಗಿಯ ವಿಷಯ ಹೇಳುವಂತೆ ಯಾವ ಮಗುವನ್ನೂ ಒತ್ತಾಯಿಸಬಾರದು.

ತಂಬಾಕು, ಅಡಿಕೆ, ಮದ್ಯಗಳಿಂದ ದೂರವಿರುವುದನ್ನೂ ಯಕೃತ್ತಿನ ಅರ್ಬುದವನ್ನು ತಡೆಯಲು ನೆರವಾಗುವ ಹೆಪಟೈಟಿಸ್ ಬಿ ಲಸಿಕೆಯ ಮಹತ್ವವನ್ನೂ ಇದೇ ಪಾಠದೊಡನೆ ಹೇಳಬಹುದು. ರೋಗನಿರ್ಣಯ ಶಿಕ್ಷಕರ ಕೆಲಸವಲ್ಲ. ‘ಗ್ಯಾಸ್ಟ್ರಿಕ್’ ಎಂದು ಮಾತು ಮುಗಿಸುವ ಮನೆಯಲ್ಲಿ ‘ಎಂದಿನಿಂದ?’ ಎಂದು ಕೇಳುವ ಒಂದು ಮಗುವನ್ನು ಸಿದ್ಧಪಡಿಸಿದರೆ ಅಷ್ಟೇ ಸಾಕು.