ಕಬ್ಬಿನ ಹಾಲು, ನಿಂಬೆಯ ಹುಳಿ, ಪುದೀನದ ಎಲೆ

ಕಾಕ್‌ಟೇಲ್ ಎಂದೊಡನೆ ಮದ್ಯದಂಗಡಿಯ ಮಂದ ಬೆಳಕು ನೆನಪಿಗೆ ಬರುವುದು ಸಹಜವಾದರೂ, ಆ ಪದದ ಹಿಂದಿರುವ ಕೆಲಸ ಅಡುಗೆಮನೆಗೇ ಸೇರಿದ್ದು. ಸಿಹಿ, ಹುಳಿ, ಕಹಿ, ಖಾರ ಮತ್ತು ಪರಿಮಳಗಳನ್ನು ಒಂದೇ ಲೋಟದಲ್ಲಿ, ಒಂದು ಇನ್ನೊಂದನ್ನು ಮುಳುಗಿಸದಂತೆ ಬೆರೆಸುವುದೇ ಆ ಕೆಲಸ. 1806ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು ಮತ್ತು ಕಹಿಸಾರಗಳ ಮಿಶ್ರಣವೆಂದು ಅರ್ಥ ಬರೆಯಿತು. ಅದಕ್ಕಿಂತ ಹಳೆಯದಾದ ‘ಪಂಚ್’ ಎಂಬ ಪಾನೀಯದ ಹೆಸರು ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬನ 1632ರ ಪತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಮದ್ಯ, ಸಕ್ಕರೆ, ನಿಂಬೆ, ನೀರು, ಸಂಬಾರ ಎಂಬ ಐದು ವಸ್ತುಗಳಿರುವುದರಿಂದ ನಮ್ಮ ‘ಪಂಚ’ವೇ ಇಂಗ್ಲಿಷರ ಬಾಯಲ್ಲಿ ಪಂಚ್ ಆಯಿತೆಂಬುದು ಬಹುಕಾಲದಿಂದ ನಡೆದುಬಂದಿರುವ ವಿವರಣೆ. ಈ ಐದರಲ್ಲಿ ಮೊದಲನೆಯದನ್ನು ಕೈಬಿಟ್ಟರೆ ಉಳಿಯುವುದು ರಾಮನವಮಿಯ ಪಾನಕ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ರಾಜನ ಭೋಗಗಳ ಸಾಲಿನಲ್ಲಿ ಊಟದ ಜೊತೆಗೆ ಕುಡಿಯುವ ನೀರು ಮತ್ತು ಪಾನೀಯಗಳಿಗೂ ಸ್ಥಾನ ಕೊಟ್ಟಿರುವುದನ್ನು ನೋಡಿದರೆ, ಬೆರಕೆಯ ಪಾನೀಯವನ್ನು ಶಾಸ್ತ್ರವಾಗಿ ಕಾಣುವ ಅಭ್ಯಾಸ ಕನ್ನಡ ನೆಲಕ್ಕೆ ಹೊಸದಲ್ಲ. ಹೊಸದಾಗಿರುವುದು ಉಪಾಹಾರ ಗೃಹಗಳ ಪಟ್ಟಿಯಲ್ಲಿ ‘ಮೊಹಿಟೊ’ ಎಂಬ ಹೆಸರಿನಿಂದ ಬರುವ, ಸೀಸೆಯ ಹಸಿರು ಪಾಕಕ್ಕೆ ಸೋಡಾ ಸುರಿದು ಮೇಲೊಂದು ಪುದೀನದ ಕುಡಿ ಸಿಕ್ಕಿಸಿದ ಲೋಟ. ಮೊಹಿಟೊ ಹುಟ್ಟಿದ್ದು ಕ್ಯೂಬಾದಲ್ಲಿ. ಕಬ್ಬಿನ ರಮ್, ನಿಂಬೆ, ಸಕ್ಕರೆ, ಪುದೀನಗಳು ಅದರ ಮೂಲದ್ರವ್ಯಗಳು. ಬ್ರೆಜಿಲಿನ ಕೈಪಿರಿನ್ಯಾ ಎಂಬ ಪಾನೀಯದಲ್ಲಿಯೂ ಕಬ್ಬಿನ ರಸದಿಂದ ಬಟ್ಟಿ ಇಳಿಸಿದ ಮದ್ಯಕ್ಕೆ ಸಕ್ಕರೆಯೊಡನೆ ಜಜ್ಜಿದ ನಿಂಬೆ ಸೇರುತ್ತದೆ. ಕಬ್ಬು ಬೆಳೆಯುವ ಬಿಸಿಲ ನಾಡುಗಳು ಒಂದನ್ನೊಂದು ಕೇಳದೆಯೇ ನಿಂಬೆಯ ಕಡೆಗೆ ಕೈಚಾಚಿರುವುದಕ್ಕೆ ಬಾಯಾರಿಕೆಯಷ್ಟೇ ಕಾರಣವಲ್ಲ, ಕಬ್ಬಿನ ರಸದ ಗುಣವೂ ಕಾರಣವೆಂಬುದನ್ನು ತಿಳಿಯಲು ಮಂಡ್ಯಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಕೃಷ್ಣರಾಜಸಾಗರದಿಂದ ಹೊರಟು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಒಣಭೂಮಿಗೆ ಕಾವೇರಿಯನ್ನು ತಂದ ನಾಲೆ ಮೊದಲು ವೈಸರಾಯ್ ಇರ್ವಿನ್ ಹೆಸರಿನಲ್ಲಿದ್ದು, ಮುಂದೆ ವಿಶ್ವೇಶ್ವರಯ್ಯ ನಾಲೆಯೆನಿಸಿತು, ಮಂಡ್ಯದ ಬಳಿಯ ‘ವಿ.ಸಿ. ಫಾರಂ’ ಎಂಬ ಕೃಷಿ ಕ್ಷೇತ್ರದ ಹೆಸರಿನ ಮೊದಲ ಎರಡು ಅಕ್ಷರಗಳು ಆ ನಾಲೆಯ ಇಂಗ್ಲಿಷ್ ಹೆಸರಿನಿಂದಲೇ ಬಂದವು. ನೀರಾವರಿ ಬೆಳೆಗಳ ಪ್ರಯೋಗಕ್ಕೆಂದು 1930ರ ದಶಕದ ಆರಂಭದಲ್ಲಿ ತೆರೆದ ಈ ಕ್ಷೇತ್ರ ಇಂದು ವಲಯ ಕೃಷಿ ಸಂಶೋಧನಾ ಕೇಂದ್ರವೂ ಕೃಷಿ ಕಾಲೇಜಿನ ಆವರಣವೂ ಆಗಿದ್ದು, ಭತ್ತ, ರಾಗಿಗಳ ಜೊತೆಗೆ ಕಬ್ಬಿನ ತಳಿಗಳನ್ನೂ ಬೆಲ್ಲದ ತಯಾರಿಕೆಯನ್ನೂ ಅಭ್ಯಸಿಸುತ್ತದೆ. ವಿ.ಸಿ.ಎಫ್. 0517 ಎಂಬ ಕಬ್ಬಿನ ತಳಿ ಹೆಸರಿನಲ್ಲಿಯೇ ತನ್ನ ಊರನ್ನು ಹೊತ್ತಿದೆ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಕಪ್ಪು ಪಾಕವಾದ ಕಾಕಂಬಿಯೇ ರಮ್ಮಿನ ಮೂಲವಾದ್ದರಿಂದ, ಕಾಕ್‌ಟೇಲಿನ ಮದ್ಯದ ಭಾಗಕ್ಕೂ ಈ ಸೀಮೆ ಅಪರಿಚಿತವಲ್ಲ. ಆದರೆ ಮಂಡ್ಯದವರು ದಿನನಿತ್ಯ ಕುಡಿಯುವ ಬೆರಕೆ ಬೇರೆ: ಜಲ್ಲೆಯ ಮಡಿಕೆಯೊಳಗೆ ಅರ್ಧ ನಿಂಬೆಯನ್ನೂ ಶುಂಠಿಯ ತುಂಡನ್ನೂ ಸಿಕ್ಕಿಸಿ ಗಾಣಕ್ಕೆ ಕೊಟ್ಟು ತೆಗೆದ ಕಬ್ಬಿನ ಹಾಲು.

ಆ ಅರ್ಧ ನಿಂಬೆ ರುಚಿಗಾಗಿ ಮಾತ್ರ ಅಲ್ಲಿರುವುದಿಲ್ಲ. ಗಾಣದಿಂದ ಇಳಿಯುವಾಗ ತಿಳಿಹಸಿರಾಗಿರುವ ರಸ ಸ್ವಲ್ಪ ಹೊತ್ತಿಗೇ ಕಂದಾಗಿ, ಆಮೇಲೆ ಕೆಸರಿನ ಬಣ್ಣಕ್ಕೆ ತಿರುಗುವುದು ಎಲ್ಲರೂ ಕಂಡಿರುವ ಸಂಗತಿ. ಕಬ್ಬಿನ ಜೀವಕೋಶಗಳಲ್ಲಿ ಬೇರೆಬೇರೆಯಾಗಿರುವ ಪಾಲಿಫಿನಾಲ್ ಎಂಬ ಒಗರು ಪದಾರ್ಥಗಳೂ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವೂ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನೂ, ಜಲ್ಲೆ ಜಜ್ಜಿಹೋದಾಗ ಒಂದಕ್ಕೊಂದು ತಾಗಿ, ಗಾಳಿಯ ಆಮ್ಲಜನಕದ ನೆರವಿನಿಂದ ಕಂದು ಬಣ್ಣವನ್ನು ಹುಟ್ಟಿಸುತ್ತವೆ; ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಕಾರಣಕ್ಕೆ. ಈ ಕಿಣ್ವಕ್ಕೆ ಹುಳಿ ಆಗಿಬರುವುದಿಲ್ಲ. ಸ್ವಭಾವತಃ ಅಲ್ಪ ಹುಳಿಯಷ್ಟೇ ಇರುವ ಕಬ್ಬಿನ ಹಾಲಿಗೆ ನಿಂಬೆಯ ಸಿಟ್ರಿಕ್ ಆಮ್ಲ ಬಿದ್ದೊಡನೆ ಕಿಣ್ವದ ಚಟುವಟಿಕೆ ಕುಗ್ಗುತ್ತದೆ, ಆಗಲೇ ಬಣ್ಣ ತಿರುಗಿದ್ದ ಅಂಶವನ್ನು ನಿಂಬೆಯಲ್ಲಿರುವ ಸಿ ಜೀವಸತ್ವ ಒಂದಿಷ್ಟು ಮಟ್ಟಿಗೆ ಹಿಂದಕ್ಕೆ ತರುತ್ತದೆ. ಆದ್ದರಿಂದ ಹುಳಿಯನ್ನು ಕೊನೆಯಲ್ಲಿ ಹಿಂಡುವುದಕ್ಕಿಂತ, ರಸ ಬೀಳುವ ಪಾತ್ರೆಯ ತಳದಲ್ಲಿ ಮೊದಲೇ ಹಾಕಿಟ್ಟಿರುವುದು ಜಾಣತನ. ಮನೆಯಲ್ಲಿ ಮಾಡುವವರು ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ.

ಮನೆಯಲ್ಲಿ ಗಾಣವಿಲ್ಲವೆಂಬುದು ದೊಡ್ಡ ಅಡ್ಡಿಯಲ್ಲ. ಎಳೆಯ ತುದಿಯಲ್ಲಿ ಸಕ್ಕರೆ ಕಡಿಮೆ, ಬಣ್ಣ ಕೆಡಿಸುವ ಅಂಶ ಹೆಚ್ಚು ಇರುವುದರಿಂದ ಬುಡದ ಕಡೆಯ ಜಲ್ಲೆಯನ್ನು ಆರಿಸಿ, ಮೇಲಿನ ಬೂದಿಯಂಥ ಮೇಣವೂ ಮಣ್ಣೂ ಹೋಗುವಂತೆ ತೊಳೆದು, ಸಿಪ್ಪೆ ಹೆರೆದು, ಗಿಣ್ಣುಗಳನ್ನು ತೆಗೆದುಹಾಕಿ, ಉಳಿದದ್ದನ್ನು ಬೆರಳುಗಾತ್ರದ ಚೂರುಗಳಾಗಿ ಸೀಳಿ, ಸ್ವಲ್ಪ ತಣ್ಣೀರಿನೊಡನೆ ಮಿಕ್ಸಿಯಲ್ಲಿ ತಿರುವಿ, ತೆಳು ಬಟ್ಟೆಯಲ್ಲಿ ಹಿಂಡಿದರೆ ಸಾಕು. ಒಂದು ಲೋಟಕ್ಕೆ, ಅಂದರೆ 200 ಮಿಲಿಲೀಟರ್ ರಸಕ್ಕೆ, 10ರಿಂದ 15 ಮಿಲಿಲೀಟರ್ ನಿಂಬೆರಸ, ಅರ್ಧ ಅಂಗುಲ ಶುಂಠಿ, ಎಂಟು ಹತ್ತು ಪುದೀನದ ಎಲೆ, ಚಿಟಿಕೆ ಉಪ್ಪು ಎಂಬ ಅಳತೆ ಸರಿಹೋಗುತ್ತದೆ. ಉಪ್ಪು ನಾಲಿಗೆಗೆ ಗೊತ್ತಾಗಬಾರದು. ಕಹಿಯನ್ನು ತಗ್ಗಿಸಿ ಸಿಹಿಯನ್ನು ಎತ್ತಿ ತೋರುವುದಷ್ಟೇ ಅದರ ಪಾತ್ರ. ತಂಪು ಹೆಚ್ಚಿದಷ್ಟೂ ನಾಲಿಗೆಗೆ ಸಿಹಿ ಕಡಿಮೆಯೆನಿಸುವುದರಿಂದ, ಐಸ್ ಹಾಕುವ ಮೊದಲು ತುಸು ಸಿಹಿ ಜಾಸ್ತಿಯೆನಿಸಿದ ಬೆರಕೆ ಐಸ್ ಕರಗುವ ಹೊತ್ತಿಗೆ ಹದಕ್ಕೆ ಬರುತ್ತದೆ. ಆ ಒಂದು ಲೋಟದಲ್ಲಿ 30 ಗ್ರಾಂ ಆಸುಪಾಸು ಸಕ್ಕರೆಯಿರುತ್ತದೆ ಎಂಬುದನ್ನು ಸಕ್ಕರೆ ಕಾಯಿಲೆಯವರು ಮರೆಯುವಂತಿಲ್ಲ. ನೈಸರ್ಗಿಕವೆಂಬ ಮಾತು ಆ ಲೆಕ್ಕವನ್ನು ಬದಲಿಸುವುದಿಲ್ಲ.

ಕಬ್ಬಿನ ಹಾಲು ಕಾಯುವ ಪದಾರ್ಥವಲ್ಲ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಇಳುವರಿ ಬೀಳುತ್ತದೆಂದು ಕಾರ್ಖಾನೆಯವರೂ ಆಲೆಮನೆಯವರೂ ಅವಸರಪಡುವುದಕ್ಕೆ ಯಾವುದು ಕಾರಣವೋ ಅದೇ ಲೋಟದಲ್ಲಿಯೂ ನಡೆಯುತ್ತದೆ: ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಲೋಳೆಯನ್ನು ಬಿಡುತ್ತದೆ, ಗಾಳಿಯಲ್ಲಿರುವ ಯೀಸ್ಟ್ ಹುದುಗೆಬ್ಬಿಸುತ್ತದೆ. ಬೆಳಗ್ಗೆ ಹಿಂಡಿಟ್ಟು ಸಂಜೆಯ ನೆಂಟರಿಗೆ ಕೊಡಬಹುದೆಂಬ ಲೆಕ್ಕಾಚಾರ ಇಲ್ಲಿ ನಡೆಯದು.

ಕಾಯಬಲ್ಲ ಸಿಹಿ ಬೇಕಾದವರಿಗೆ ಬೆಲ್ಲವಿದೆ. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು, ಬಕೆಟ್, ಕುರಿಕಾಟು ಎಂಬಂಥ ಹೆಸರುಗಳಿಂದ ಬೆಲ್ಲ ಮಾರಾಟವಾಗುತ್ತದೆ. ಕೊಪ್ಪರಿಗೆಯಲ್ಲಿ ಕುದಿಯುವ ರಸಕ್ಕೆ ಸುಣ್ಣದ ತಿಳಿ ಮತ್ತು ಬೆಂಡೆಗಿಡದ ಲೋಳೆ ಹಾಕಿ, ಮೇಲೆ ಬಂದ ಮಡ್ಡಿಯನ್ನು ತೆಗೆದು ಪಾಕಕ್ಕೆ ತರುವುದು ಆಲೆಮನೆಯ ಕ್ರಮ. ಕೊಳ್ಳುವವರು ಚಿನ್ನದ ಬಣ್ಣಕ್ಕೆ ಮರುಳಾಗುವುದರಿಂದ ಕೆಲವೆಡೆ ‘ಹೈಡ್ರೋಸ್’ ಎಂದು ಕರೆಯುವ ಗಂಧಕಯುಕ್ತ ಬಿಳಿಚುಕಾರಕವನ್ನು ಬೆರೆಸುವ ರೂಢಿ ಬೆಳೆದಿದ್ದು, ರಾಸಾಯನಿಕಮುಕ್ತ ಬೆಲ್ಲದ ಪ್ರಚಾರ ವಿ.ಸಿ. ಫಾರಂನ ಕೆಲಸಗಳಲ್ಲೊಂದಾಗಿರುವುದು ಈ ಹಿನ್ನೆಲೆಯಲ್ಲಿ. ಪಾನಕದ ಮಟ್ಟಿಗಂತೂ ಕಂದು ಬೆಲ್ಲವೇ ಮೇಲು, ಏಕೆಂದರೆ ಅದರ ಸುಟ್ಟ ಪರಿಮಳ ನಿಂಬೆಯ ಹರಿತಕ್ಕೆ ಒಂದು ತಳಹದಿ ಒದಗಿಸುತ್ತದೆ. ಲೀಟರು ನೀರಿಗೆ 100 ಗ್ರಾಂ ಬೆಲ್ಲ ಕರಗಿಸಿ, ಕಸ ಹೋಗುವಂತೆ ಸೋಸಿ, ಮೂರು ನಿಂಬೆ ಹಿಂಡಿ, ಏಲಕ್ಕಿ ಮತ್ತು ಕಾಳುಮೆಣಸಿನ ತರಿಯನ್ನು ಉದುರಿಸಿದರೆ ಪಾನಕವಾಯಿತು. ಇಲ್ಲಿ ಪುದೀನಕ್ಕಿಂತ ತುಳಸಿ ಹೊಂದುತ್ತದೆ. ಪುದೀನದ ತಣ್ಣನೆಯ ವಾಸನೆ ಬೆಲ್ಲದ ಎದುರು ನಿಲ್ಲಲಾರದೆ ಸೋಲುತ್ತದೆ, ತುಳಸಿಯಲ್ಲಿರುವ ಲವಂಗದ ಛಾಯೆಯ ಯೂಜೆನಾಲ್ ನಿಲ್ಲುತ್ತದೆ.

ಎಲೆಗಳನ್ನು ಬಳಸುವಾಗ ಕೈ ಹಗುರವಾಗಿರಬೇಕು. ಎಲೆಯ ಪರಿಮಳವಿರುವುದು ಮೇಲ್ಮೈಯ ಸಣ್ಣ ಗ್ರಂಥಿಗಳೊಳಗಿನ ಚಂಚಲತೈಲದಲ್ಲಿ, ಅಂದರೆ ಸುಲಭವಾಗಿ ಆವಿಯಾಗುವ ಎಣ್ಣೆಯಲ್ಲಿ. ಅಂಗೈ ನಡುವೆ ಇಟ್ಟು ಒಮ್ಮೆ ತಟ್ಟಿದರೆ ಆ ಗ್ರಂಥಿಗಳು ಒಡೆಯುತ್ತವೆ. ಅದಕ್ಕಿಂತ ಮುಂದೆ ಹೋಗಿ ಮಿಕ್ಸಿಗೆ ಹಾಕಿದರೆ ಒಳಗಿನ ಹಸಿ ಸೊಪ್ಪಿನ ಒಗರೂ ಹೊರಬರುತ್ತದೆ, ಜೊತೆಗೆ ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತು ಹುಳಿಯಲ್ಲಿ ತನ್ನ ಮೆಗ್ನೀಸಿಯಂ ಅಂಶವನ್ನು ಕಳೆದುಕೊಂಡು ಪಾಚಿಯಂಥ ಮಂಕು ಬಣ್ಣಕ್ಕೆ ಇಳಿಯುತ್ತದೆ. ಮನೆಯ ಮೊಹಿಟೊ ಹತ್ತು ನಿಮಿಷಕ್ಕೆ ಕಳೆಗುಂದುವುದರ ಗುಟ್ಟು ಇಷ್ಟೇ. ಹಿತ್ತಲ ದೊಡ್ಡಪತ್ರೆಯನ್ನು ಬಳಸುವುದಾದರೆ ಲೋಟಕ್ಕೆ ಒಂದೇ ಎಲೆ ಸಾಕು. ಅದರ ಕಾರ್ವಕ್ರಾಲ್ ಎಂಬ ಅಂಶ ಓಮದ ಹಾಗೆ ಘಾಟು, ಎರಡನೆಯ ಎಲೆಗೆ ಪಾನೀಯವು ಕಷಾಯವಾಗಿಬಿಡುತ್ತದೆ. ನಿಂಬೆಹುಲ್ಲು ಎಂದೂ ಹೆಸರಿರುವ ಮಜ್ಜಿಗೆಹುಲ್ಲನ್ನು ಮಾತ್ರ ಕುದಿಸಿ ಆರಿಸಿದ ನೀರಿನ ರೂಪದಲ್ಲಿ ಸೇರಿಸಬೇಕು. ಅದರ ಸಿಟ್ರಾಲ್ ನಿಂಬೆಯ ವಾಸನೆಯನ್ನೇ ಕೊಡುವುದರಿಂದ ಹುಳಿ ಹೆಚ್ಚಿಸದೆ ನಿಂಬೆತನ ಹೆಚ್ಚಿಸಬಹುದು. ತುಳಸಿಯನ್ನು ಸಂಜೆಯ ಮೇಲೆ ಕೀಳಬಾರದೆಂಬ ಮನೆಗಳಲ್ಲಿ ಹಗಲೇ ಬಿಡಿಸಿಟ್ಟುಕೊಳ್ಳಬೇಕಾಗುವುದೂ ಈ ಪಾಕಶಾಸ್ತ್ರದ ಒಂದು ಭಾಗವೇ.

ಹುಳಿಯ ಹಣ್ಣುಗಳ ವಿಷಯದಲ್ಲಿ ಕರ್ನಾಟಕ ಸಿರಿವಂತ: ಇಂಡಿಯ ನಿಂಬೆ, ಕೊಡಗಿನ ಕಿತ್ತಳೆ, ದೇವನಹಳ್ಳಿಯ ಚಕ್ಕೋತಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಹಳೆ ಮೈಸೂರಿನ ಹಿತ್ತಿಲುಗಳಲ್ಲಿ ಗೊಜ್ಜಿಗೂ ಚಿತ್ರಾನ್ನಕ್ಕೂ ಆಗುವ ಹೇರಳೆಕಾಯಿಯ ರಸ ಪಾನೀಯಕ್ಕೆ ಕಹಿಯೆನಿಸಿದರೂ, ಅದರ ಹೊರಸಿಪ್ಪೆಯ ಒಂದು ತೆಳು ಹೆರಕಲನ್ನು ಲೋಟದ ಮೇಲೆ ಹಿಡಿದು ತಿರುಚಿದಾಗ ಸಿಡಿಯುವ ಎಣ್ಣೆಯ ಹನಿಗಳು ಯಾವ ಸೀಸೆಯ ಸುಗಂಧಕ್ಕೂ ಸಾಟಿ. ಸಿಪ್ಪೆಯ ಕೆಳಗಿನ ಬಿಳಿಭಾಗ ಮತ್ತು ಬೀಜಗಳಲ್ಲಿ ಲಿಮೊನಿನ್ ಎಂಬ ಕಹಿಯ ಮೂಲವಿದ್ದು, ಅದು ರಸದೊಡನೆ ಬೆರೆತು ನಿಧಾನವಾಗಿ ಬಲಿಯುತ್ತದೆ. ಹಿಂಡಿದಾಗ ಚೆನ್ನಾಗಿದ್ದ ಷರಬತ್ತು ಒಂದೆರಡು ಗಂಟೆಯ ನಂತರ ಕಹಿಯಾಯಿತೆಂದರೆ ಹಣ್ಣನ್ನು ಬೈಯುವುದು ಅನ್ಯಾಯ, ಕೊನೆಯ ಹನಿಗೂ ಆಸೆಪಟ್ಟು ಹಿಸುಕಿದ ಕೈಯನ್ನು ಬೈಯಬೇಕು.

ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಬುರುಡೆಗಳು ಹೊರರಾಜ್ಯಗಳಿಗೆ ಹೋಗುವುದನ್ನು ನೆನೆದರೆ, ಈ ಸೀಮೆಗೆ ಒಪ್ಪುವ ಇನ್ನೊಂದು ಬೆರಕೆಯೂ ತಾನಾಗಿ ಹೊಳೆಯುತ್ತದೆ. ಎಳನೀರಿನಲ್ಲಿ ಸಿಹಿ ತೆಳುವಾಗಿರುವುದರಿಂದ ಕಬ್ಬಿನ ಹಾಲಿಗೆ ಹಿಂಡುವ ನಿಂಬೆಯ ಮೂರನೆಯ ಒಂದು ಪಾಲು ಸಾಕು. ಹತ್ತು ಹದಿನೈದು ನಿಮಿಷ ನೀರಿನಲ್ಲಿ ನೆನೆದು ಲೋಳೆಯುಟ್ಟು ಉಬ್ಬಿದ ಕಾಮಕಸ್ತೂರಿ ಬೀಜವನ್ನು ಒಂದು ಚಮಚ ಸೇರಿಸಿ, ಎಳೆಗಂಜಿಯನ್ನು ಸಣ್ಣಗೆ ಹೆಚ್ಚಿ ಹಾಕಿ, ಐಸ್ ಬದಲು ಬುರುಡೆಯನ್ನೇ ಮೊದಲು ತಣ್ಣಗಾಗಿಸಿಟ್ಟರೆ ರುಚಿ ನೀರಾಗುವುದಿಲ್ಲ. ಹಿಂಡಿ ಉಳಿದ ನಿಂಬೆಯ ಹೋಳುಗಳು ಕಸದ ಬುಟ್ಟಿಗೆ ಹೋಗಬೇಕಾಗಿಲ್ಲ. ಬೀಜ ತೆಗೆದು, ನಾಲ್ಕು ಸೀಳಿ, ಉಪ್ಪು ಹಚ್ಚಿ ಜಾಡಿಗೆ ತುಂಬಿ, ದಿನಕ್ಕೊಮ್ಮೆ ಕುಲುಕುತ್ತಿದ್ದರೆ ಕೆಲವು ವಾರಗಳಲ್ಲಿ ಸಿಪ್ಪೆ ಮೆತ್ತಗಾಗಿ ಮೊಸರನ್ನಕ್ಕೆ ಒದಗುತ್ತದೆ.